ಜನರನ್ನು ಕಾಡಿಗೆ ಕರೆದ ಜಾನ್ ಮ್ಯೂರ್

ರಜೆ ಬಂದೊಡನೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಕಾಡು-ಬೆಟ್ಟಗಳ ಕಡೆಗೆ ಹೊರಡುವುದು ಈಗ ನಗರವಾಸಿಗಳಿಗೆ ತೀರಾ ಸಹಜವಾದ ಸಂಗತಿ. ಆದರೆ ಕಾಡೆಂಬುದು ಹೋಗಿ ನೋಡಿ ಬರಬೇಕಾದ ತಾಣ, ಅದನ್ನು ಅದರ ಪಾಡಿಗೆ ಬಿಡುವುದು ಸರ್ಕಾರದ ಹೊಣೆ ಎಂಬ ಭಾವನೆಗೆ ಬಹಳ ವಯಸ್ಸಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕಾಡೆಂದರೆ ಕಡಿಯಬೇಕಾದ ಮರ, ಅಗೆಯಬೇಕಾದ ಅದಿರು, ಉಳಬೇಕಾದ ನೆಲ. ಆ ದೃಷ್ಟಿಯನ್ನು ಬದಲಿಸಲು ದುಡಿದವರು ಹಲವರಿದ್ದರೂ ಮೊದಲು ನೆನಪಾಗುವ ಹೆಸರು ಜಾನ್ ಮ್ಯೂರ್ ಅವರದು. ಕ್ಯಾಲಿಫೋರ್ನಿಯಾದ ಯೊಸೆಮಿಟಿಯನ್ನು ಜಗತ್ತಿಗೆ ಪರಿಚಯಿಸಿದ ಈ ಮಹನೀಯರ ಬದುಕನ್ನು ಸಂತಚರಿತ್ರೆಯಂತೆ ಹೇಳುವುದು ರೂಢಿ. ಆದರೆ ಅವರ ಗೆಲುವಿನಷ್ಟೇ ಅವರ ಸೋಲೂ, ಅವರ ಕಣ್ಣಿಗೆ ಬೀಳದೆ ಹೋದದ್ದೂ ಇಂದಿನ ನಮಗೆ ಮುಖ್ಯ.

ಮ್ಯೂರ್ ಹುಟ್ಟಿದ್ದು 1838ರ ಏಪ್ರಿಲ್ 21ರಂದು, ಸ್ಕಾಟ್ಲೆಂಡಿನ ಕಡಲತೀರದ ಡನ್‌ಬಾರ್ ಪಟ್ಟಣದಲ್ಲಿ. ಎಂಟು ಮಕ್ಕಳಲ್ಲಿ ಮೂರನೆಯವರು. ತಂದೆ ಡೇನಿಯಲ್ ಕಟ್ಟಾ ಧರ್ಮನಿಷ್ಠ. ಮಗನಿಗೆ ಬೈಬಲ್ಲಿನ ಬಹುಭಾಗವನ್ನು ಬೆತ್ತದ ಬಲದಿಂದಲೇ ಬಾಯಿಪಾಠ ಮಾಡಿಸಿದವರು. 1849ರಲ್ಲಿ ಕುಟುಂಬ ಅಮೆರಿಕದ ವಿಸ್ಕಾನ್ಸಿನ್‌ಗೆ ವಲಸೆ ಬಂತು. ಅಲ್ಲಿ ಕಾಡು ಕಡಿದು ಹೊಲ ಮಾಡುವ ಕೆಲಸದಲ್ಲಿ ಬಾಲಕ ಜಾನ್ ದೊಡ್ಡವರ ಸಮಕ್ಕೆ ದುಡಿಯಬೇಕಾಯಿತು. ಒಮ್ಮೆ ಗಟ್ಟಿ ಮರಳುಗಲ್ಲಿನಲ್ಲಿ ಉಳಿ-ಸುತ್ತಿಗೆ ಹಿಡಿದು ಒಬ್ಬರೇ ತೊಂಬತ್ತು ಅಡಿ ಆಳದ ಬಾವಿ ತೋಡಿದರು. ನಡುವೆ ವಿಷವಾಯು ತುಂಬಿ ಪ್ರಾಣ ಹೋಗುವುದರಲ್ಲಿತ್ತು. ಮುಂದೆ ಕಾಡನ್ನು ಉಳಿಸಲು ಹೊರಟ ಈ ವ್ಯಕ್ತಿ ಕಾಡು ಕಡಿಯುವ ಬೆವರನ್ನೂ ಚೆನ್ನಾಗಿ ಬಲ್ಲವರಾಗಿದ್ದರು.

ಯಂತ್ರಗಳಲ್ಲಿ ಅವರಿಗೆ ಅಸಾಮಾನ್ಯ ಬುದ್ಧಿ. ನಸುಕಿಗೆ ಮುಂಚೆ ಎದ್ದು ಮರದ ಗಡಿಯಾರಗಳನ್ನು ಕೆತ್ತುತ್ತಿದ್ದರು. ಹೊತ್ತಿಗೆ ಸರಿಯಾಗಿ ಮಲಗಿದವರನ್ನು ಎಬ್ಬಿಸಿ ನಿಲ್ಲಿಸುವ ಮಂಚವೊಂದನ್ನು ರೂಪಿಸಿದ್ದರು. 1860ರಲ್ಲಿ ರಾಜ್ಯ ಮೇಳದಲ್ಲಿ ಇವುಗಳನ್ನು ಪ್ರದರ್ಶಿಸಿ ಹೆಸರು ಮಾಡಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿ ಸಸ್ಯಶಾಸ್ತ್ರ, ಭೂವಿಜ್ಞಾನಗಳ ರುಚಿ ಹತ್ತಿಸಿಕೊಂಡರಾದರೂ ಪದವಿ ಪಡೆಯದೆಯೇ ಹೊರಬಂದರು. ಇಂಡಿಯಾನಾಪೊಲಿಸ್‌ನಲ್ಲಿ ಗಾಡಿಯ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. 1867ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಒಂದು ಅವಘಡ ಅವರ ದಿಕ್ಕು ಬದಲಿಸಿತು. ಕೈಜಾರಿದ ಚೂಪಾದ ಅರ ಬಲಗಣ್ಣಿಗೆ ನಾಟಿತು. ಸ್ವಲ್ಪ ಹೊತ್ತಿನಲ್ಲೇ ಎಡಗಣ್ಣೂ ಮಂಜಾಯಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ್ದ ಇಪ್ಪತ್ತೆಂಟರ ಆ ಯುವಕ, ದೃಷ್ಟಿ ಮರಳಿದರೆ ಅದನ್ನು ಯಂತ್ರಗಳ ಮೇಲೆ ವ್ಯಯಿಸಬಾರದೆಂದು ನಿಶ್ಚಯಿಸಿದರು. ದೃಷ್ಟಿ ಮರಳಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕೆಂಟಕಿಯಿಂದ ಹೊರಟು, ಗಿಡ ಒತ್ತಿಡುವ ಹಲಗೆಯನ್ನು ಹೊತ್ತು, ಸುಮಾರು ಸಾವಿರ ಮೈಲಿ ನಡೆದು ಫ್ಲಾರಿಡಾದ ಕಡಲಂಚು ಮುಟ್ಟಿದರು. ಅಲ್ಲಿ ಮಲೇರಿಯಾ ಹಿಡಿದು ಹಾಸಿಗೆ ಹಿಡಿದರು. ಚೇತರಿಸಿಕೊಂಡು ಕ್ಯೂಬಾ ಮಾರ್ಗವಾಗಿ 1868ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದರು. ಊರಿನಲ್ಲಿ ನಿಲ್ಲದೆ ಸಿಯೆರಾ ನೆವಾಡಾ ಪರ್ವತಗಳತ್ತ ಕಾಲ್ನಡಿಗೆಯಲ್ಲೇ ಹೊರಟರು.

ಯೊಸೆಮಿಟಿ ಕಣಿವೆ ಏಳು ಮೈಲಿಯಷ್ಟು ಉದ್ದದ, ಗ್ರಾನೈಟ್ ಗೋಡೆಗಳ ನಡುವಿನ ಹಸಿರು ಪಟ್ಟಿ. ಎಲ್ ಕ್ಯಾಪಿಟನ್ ಬಂಡೆ ನೆಲದಿಂದ ನೇರವಾಗಿ ಸುಮಾರು 900 ಮೀಟರ್ ಎದ್ದು ನಿಂತಿದೆ. ಯೊಸೆಮಿಟಿ ಜಲಪಾತ ಮೂರು ಹಂತಗಳಲ್ಲಿ 739 ಮೀಟರ್ ಧುಮುಕುತ್ತದೆ. 1869ರ ಬೇಸಿಗೆಯಲ್ಲಿ ಮ್ಯೂರ್ ಕುರಿಮಂದೆಯೊಂದರ ಜೊತೆ ಈ ಪರ್ವತಗಳ ಮೇಲ್ಭಾಗಕ್ಕೆ ಹೋದರು. ಅನಂತರ ಕಣಿವೆಯಲ್ಲೇ ಗರಗಸದ ಗಿರಣಿಯೊಂದನ್ನು ನಡೆಸುತ್ತ ಬಿಡುವಿನ ದಿನಗಳನ್ನೆಲ್ಲ ಬೆಟ್ಟ ಹತ್ತುವುದರಲ್ಲಿ ಕಳೆದರು. ಒಂದಿಷ್ಟು ಬ್ರೆಡ್ಡು, ಒಂದಿಷ್ಟು ಚಹಾಪುಡಿ, ಒಂದು ನೋಟುಪುಸ್ತಕ: ಇಷ್ಟೇ ಅವರ ಸಾಮಾನು. ಹಲವು ಸಲ ಕಂಬಳಿಯೂ ಇರುತ್ತಿರಲಿಲ್ಲ.

ಆ ವರ್ಷಗಳ ಸಾಹಸಗಳು ಈಗ ಓದಿದರೂ ಮೈ ಜುಮ್ಮೆನಿಸುತ್ತವೆ. 1872ರಲ್ಲಿ ಮೌಂಟ್ ರಿಟ್ಟರ್ ಹತ್ತುವಾಗ ನೇರ ಬಂಡೆಯೊಂದರ ಮಧ್ಯೆ ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ಸಿಕ್ಕಿಬಿದ್ದು, ಕೊನೆಗೆ ಮನಸ್ಸು ಸ್ತಿಮಿತಕ್ಕೆ ಬಂದು ಶಿಖರ ಮುಟ್ಟಿದರು. 1874ರ ಚಳಿಗಾಲದಲ್ಲಿ ಬಿರುಗಾಳಿ ಬೀಸುತ್ತಿದ್ದಾಗ ಎತ್ತರದ ಮರವೊಂದರ ತುದಿಗೇರಿ ಗಂಟೆಗಟ್ಟಲೆ ಜೋತಾಡುತ್ತ ಗಾಳಿಯ ನಡೆಯನ್ನು ಗಮನಿಸಿದರು. 1875ರ ವಸಂತದಲ್ಲಿ ಮೌಂಟ್ ಶಾಸ್ತಾದ ನೆತ್ತಿಯ ಬಳಿ ಹಿಮಗಾಳಿಗೆ ಸಿಲುಕಿ, ಜ್ವಾಲಾಮುಖಿಯ ಬಿಸಿ ಕೆಸರಿನಲ್ಲಿ ಮಲಗಿ ರಾತ್ರಿ ಕಳೆದರು. ಒಂದು ಮಗ್ಗುಲು ಬೇಯುತ್ತಿತ್ತು, ಮತ್ತೊಂದು ಮಗ್ಗುಲು ಹೆಪ್ಪುಗಟ್ಟುತ್ತಿತ್ತು.

ಇದೆಲ್ಲ ಬರಿಯ ಅಲೆದಾಟವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಅಧಿಕೃತ ಭೂವಿಜ್ಞಾನಿ ಜೋಸಯಾ ವಿಟ್ನಿ, ಕಣಿವೆಯ ತಳ ಒಮ್ಮೆಲೇ ಕುಸಿದು ಈ ಆಕಾರ ಬಂದಿದೆ ಎಂದು ಸಾರಿದ್ದರು. ಮ್ಯೂರ್ ಬಂಡೆಗಳ ಮೇಲಿನ ಗೀರು, ನುಣುಪುಗಳನ್ನು ಅಳೆದು, ಇದು ಹಿಮನದಿಗಳ ಕೆತ್ತನೆ ಎಂದು ವಾದಿಸಿದರು. ಕುರಿಕಾಯುವವನ ಮಾತೆಂದು ವಿಟ್ನಿ ಅದನ್ನು ತಳ್ಳಿಹಾಕಿದರು. 1871ರಲ್ಲಿ ಮ್ಯೂರ್ ಸಿಯೆರಾದಲ್ಲಿ ಇನ್ನೂ ಚಲಿಸುತ್ತಿದ್ದ ಹಿಮನದಿಯೊಂದನ್ನೇ ಪತ್ತೆಹಚ್ಚಿದರು. ಅದೇ ವರ್ಷ ಅವರ ಮೊದಲ ಲೇಖನ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾಯಿತು. ಹಿಮನದಿಗಳ ಪಾತ್ರವನ್ನು ಅವರು ತುಸು ಹೆಚ್ಚೇ ಅಂದಾಜಿಸಿದ್ದರು, ನದಿಯ ಕೊರೆತಕ್ಕೂ ಪಾಲಿದೆ ಎಂಬುದು ಮುಂದೆ ಖಚಿತವಾಯಿತು. ಆದರೂ ಮೂಲವಾದದಲ್ಲಿ ಸರಿಯಿದ್ದವರು ವಿಟ್ನಿಯಲ್ಲ, ಮ್ಯೂರ್.

1880ರಲ್ಲಿ ಲೂಯಿ ಸ್ಟ್ರೆಂಟ್ಸೆಲ್ ಅವರನ್ನು ವಿವಾಹವಾಗಿ ಮಾರ್ಟಿನೆಜ್ ಎಂಬಲ್ಲಿ ಮಾವನ ಹಣ್ಣಿನ ತೋಟವನ್ನು ವಹಿಸಿಕೊಂಡರು. ದ್ರಾಕ್ಷಿ, ಪೇರುಹಣ್ಣುಗಳ ವ್ಯಾಪಾರದಲ್ಲಿ ಚೌಕಾಸಿಗೆ ಹೆಸರಾದರು. ಸಾಕಷ್ಟು ಹಣವನ್ನೂ ಕೂಡಿಟ್ಟರು. ಇಬ್ಬರು ಹೆಣ್ಣುಮಕ್ಕಳಾದರು. ನಡುನಡುವೆ ಅಲಾಸ್ಕಾದ ಹಿಮನದಿಗಳನ್ನು ನೋಡಿ ಬಂದದ್ದನ್ನು ಬಿಟ್ಟರೆ ಆ ದಶಕದಲ್ಲಿ ಅವರ ಲೇಖನಿ ಹೆಚ್ಚೇನೂ ಆಡಲಿಲ್ಲ. ಅದನ್ನು ಮತ್ತೆ ಕೈಗೆತ್ತಿಸಿದವರು ಸೆಂಚುರಿ ಮಾಸಪತ್ರಿಕೆಯ ಸಂಪಾದಕರಲ್ಲೊಬ್ಬರಾದ ರಾಬರ್ಟ್ ಅಂಡರ್‌ವುಡ್ ಜಾನ್ಸನ್.

1889ರ ಬೇಸಿಗೆಯಲ್ಲಿ ಇಬ್ಬರೂ ಟುವಾಲಮಿ ಹುಲ್ಲುಗಾವಲಿನಲ್ಲಿ ಬಿಡಾರ ಹೂಡಿದರು. ಯೊಸೆಮಿಟಿ ಕಣಿವೆಯನ್ನು 1864ರಲ್ಲೇ ಅಧ್ಯಕ್ಷ ಲಿಂಕನ್ ಸಹಿ ಮಾಡಿದ ಕಾಯಿದೆಯ ಮೂಲಕ ಸಾರ್ವಜನಿಕರಿಗಾಗಿ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಒಪ್ಪಿಸಲಾಗಿತ್ತು. 1872ರಲ್ಲಿ ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆನಿಸಿತ್ತು. ಆದರೆ ಕಣಿವೆಗೆ ನೀರೂಡಿಸುವ ಸುತ್ತಲ ಪರ್ವತಗಳಿಗೆ ರಕ್ಷಣೆಯಿರಲಿಲ್ಲ. ಸಾವಿರಾರು ಕುರಿಗಳು ಹುಲ್ಲನ್ನು ಬುಡಸಮೇತ ಮೇಯ್ದಿದ್ದವು. ಮ್ಯೂರ್ ಬರೆಯಬೇಕು, ತಾನು ವಾಷಿಂಗ್ಟನ್ನಿನಲ್ಲಿ ಒತ್ತಡ ತರಬೇಕು ಎಂದು ಜಾನ್ಸನ್ ಕೆಲಸ ಹಂಚಿದರು. 1890ರ ಆಗಸ್ಟ್ ಮತ್ತು ಸೆಪ್ಟೆಂಬರ್ ಸಂಚಿಕೆಗಳಲ್ಲಿ ಎರಡು ಲೇಖನಗಳು ಬಂದವು. ಅಕ್ಟೋಬರ್ 1ರಂದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಾಯಿದೆಗೆ ಅಂಕಿತ ಬಿತ್ತು. ತೆರೆಮರೆಯಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯೂ ಇದಕ್ಕೆ ಕೈಜೋಡಿಸಿತ್ತು. ನೋಡಲು ಹೋಗುವವರು ರೈಲಿನಲ್ಲೇ ಹೋಗಬೇಕಲ್ಲ! ಕಾಡಿನ ರಕ್ಷಣೆ ಮತ್ತು ಪ್ರವಾಸೋದ್ಯಮ ಹುಟ್ಟಿನಿಂದಲೇ ಜೋಡಿ ಎಂಬುದನ್ನು ಇದು ತೋರಿಸುತ್ತದೆ.

ಕಾಗದದ ಮೇಲೆ ಉದ್ಯಾನ ಘೋಷಿಸಿದರೆ ಸಾಲದು, ಅದರ ಪರವಾಗಿ ಮಾತನಾಡುವ ಜನ ಬೇಕು ಎಂಬುದನ್ನು ಮ್ಯೂರ್ ಬೇಗ ಅರಿತರು. 1892ರ ಮೇ 28ರಂದು ಸಿಯೆರಾ ಕ್ಲಬ್ ಸ್ಥಾಪನೆಯಾಯಿತು. ಕೊನೆಯುಸಿರಿನವರೆಗೂ ಅವರೇ ಅಧ್ಯಕ್ಷರು. 1901ರಿಂದ ಕ್ಲಬ್ಬಿನ ವತಿಯಿಂದ ಪ್ರತಿ ಬೇಸಿಗೆ ಸಾಮೂಹಿಕ ಚಾರಣಗಳು ಆರಂಭವಾದವು. ಅಧ್ಯಾಪಕರು, ವಕೀಲರು, ವಿದ್ಯಾರ್ಥಿಗಳು, ಮಹಿಳೆಯರು ವಾರಗಟ್ಟಲೆ ಪರ್ವತಗಳಲ್ಲಿ ನಡೆದು, ರಾತ್ರಿ ಬೆಂಕಿಯ ಸುತ್ತ ಕುಳಿತು ಮ್ಯೂರ್ ಅವರ ಮಾತು ಕೇಳಿದರು. ಕಣ್ಣಾರೆ ಕಂಡವರು ನಾಳೆ ಕಾಯಲು ನಿಲ್ಲುತ್ತಾರೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಅದೇ ವರ್ಷ ಬಂದ ರಾಷ್ಟ್ರೀಯ ಉದ್ಯಾನಗಳ ಕುರಿತ ಅವರ ಪುಸ್ತಕದ ಉದ್ದೇಶವೂ ಓದುಗರನ್ನು ಅಲ್ಲಿಗೆ ಹೊರಡಿಸುವುದೇ ಆಗಿತ್ತು.

1903ರ ಮೇ ತಿಂಗಳಿನಲ್ಲಿ ಈ ಲೆಕ್ಕಾಚಾರಕ್ಕೆ ದೊಡ್ಡ ಫಲ ಸಿಕ್ಕಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಸತ್ಕಾರಕೂಟಗಳನ್ನು ತಪ್ಪಿಸಿಕೊಂಡು ಮ್ಯೂರ್ ಜೊತೆ ಮೂರು ರಾತ್ರಿ ಬಯಲಿನಲ್ಲಿ ಮಲಗಿದರು. ಒಂದು ರಾತ್ರಿ ಅವರ ಹೊದಿಕೆಗಳ ಮೇಲೆ ಹಿಮ ಬಿದ್ದಿತ್ತು. ಯೊಸೆಮಿಟಿ ಕಣಿವೆಯನ್ನು ರಾಜ್ಯದಿಂದ ಹಿಂಪಡೆದು ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಬೇಕೆಂಬ ಮ್ಯೂರ್ ಬೇಡಿಕೆ 1906ರಲ್ಲಿ ಈಡೇರಿತು. ರೂಸ್‌ವೆಲ್ಟ್ ಭೇಟಿಯ ಬೆನ್ನಿಗೇ ಮ್ಯೂರ್ ವಿಶ್ವಪ್ರವಾಸಕ್ಕೆ ಹೊರಟರು. ಯುರೋಪು, ರಷ್ಯಾ, ಸೈಬೀರಿಯಾಗಳನ್ನು ಹಾದು ಭಾರತಕ್ಕೂ ಬಂದು, ಡಾರ್ಜಿಲಿಂಗ್‌ನಿಂದ ಹಿಮಾಲಯವನ್ನೂ, ಬೆಟ್ಟಗಳ ದೇವದಾರು ಕಾಡುಗಳನ್ನೂ ಕಂಡರೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿ.

ಅವರ ಬದುಕಿನ ಅತಿ ಕಠಿಣ ಹೋರಾಟ ಇನ್ನೂ ಮುಂದಿತ್ತು. ಯೊಸೆಮಿಟಿ ಉದ್ಯಾನದೊಳಗೇ, ಟುವಾಲಮಿ ನದಿಯ ಮೇಲೆ, ಹೆಚ್ ಹೆಚಿ ಎಂಬ ಇನ್ನೊಂದು ಕಣಿವೆಯಿತ್ತು. ಅದು ಯೊಸೆಮಿಟಿಯ ತಮ್ಮನಂತಿತ್ತು. ಅಲ್ಲಿ ಅಣೆಕಟ್ಟು ಕಟ್ಟಿ ಕುಡಿಯುವ ನೀರು ತರಲು ಸ್ಯಾನ್ ಫ್ರಾನ್ಸಿಸ್ಕೊ ನಗರ ಬಯಸಿತ್ತು. 1906ರ ಭೂಕಂಪ ಮತ್ತು ಅದನ್ನು ಹಿಂಬಾಲಿಸಿದ ಬೆಂಕಿಯಿಂದ ನಗರ ಸುಟ್ಟು ಕರಕಲಾದ ಮೇಲೆ ನಗರದ ಕೂಗಿಗೆ ದೇಶದ ಅನುಕಂಪವೂ ಸೇರಿತು. 1908ರಲ್ಲಿ ರೂಸ್‌ವೆಲ್ಟ್ ಅವರ ಸರ್ಕಾರವೇ ಷರತ್ತಿನ ಅನುಮತಿ ಕೊಟ್ಟಿತು. ಅರಣ್ಯ ಇಲಾಖೆಯ ಮುಖ್ಯಸ್ಥರೂ ಮ್ಯೂರ್ ಅವರ ಹಳೆಯ ಗೆಳೆಯರೂ ಆದ ಗಿಫರ್ಡ್ ಪಿಂಚೊ ನಗರದ ಪರ ನಿಂತರು. ಪಿಂಚೊ ಕಾಡಿನ ಶತ್ರುವಲ್ಲ. ನಿಸರ್ಗ ಸಂಪತ್ತನ್ನು ಹಿತಮಿತವಾಗಿ, ಬಹುಜನರ ಅನುಕೂಲಕ್ಕೆ ಬಳಸಬೇಕೆಂಬುದು ಅವರ ಪ್ರಾಮಾಣಿಕ ನಿಲುವು. ಕೆಲವು ಸ್ಥಳಗಳು ಬಳಕೆಯ ಲೆಕ್ಕದಿಂದ ಹೊರಗಿರಬೇಕೆಂಬುದು ಮ್ಯೂರ್ ನಿಲುವು. ಈ ಎರಡು ವಿಚಾರಗಳ ಜಗಳ ಇಂದಿಗೂ ನಮ್ಮ ಪ್ರತಿ ಅಣೆಕಟ್ಟು, ಪ್ರತಿ ಗಣಿ, ಪ್ರತಿ ಹೆದ್ದಾರಿಯ ಕಡತದಲ್ಲೂ ಮುಂದುವರಿದಿದೆ.

ಸರ್ಕಾರಿ ಕಡತಗಳೊಡನೆ ಆಯುಷ್ಯ ಕಳೆದವರಿಗೆ ಈ ವಾದದ ಸ್ವರೂಪ ಪರಿಚಿತ. ಒಂದು ಅಂಕಣದಲ್ಲಿ ನೀರಿನ ಪ್ರಮಾಣ, ವಿದ್ಯುತ್ತು, ಕಾಮಗಾರಿಯ ವೆಚ್ಚ ಎಲ್ಲವೂ ಅಂಕಿಗಳಲ್ಲಿರುತ್ತವೆ. ಎದುರಿನ ಅಂಕಣದಲ್ಲಿ ವಿಶೇಷಣಗಳಷ್ಟೇ ಇರುತ್ತವೆ. ಮ್ಯೂರ್ ಕಣಿವೆಯನ್ನು ದೇವಾಲಯಕ್ಕೆ ಹೋಲಿಸಿದರು. 1912ರಲ್ಲಿ ಎಂಜಿನಿಯರ್ ಜಾನ್ ಫ್ರೀಮನ್ ನಗರದ ಪರವಾಗಿ ಸಲ್ಲಿಸಿದ ಬೃಹತ್ ವರದಿಯಾದರೋ, ಅಂಕಿಅಂಶಗಳ ಜೊತೆಗೆ ಸುಂದರ ಚಿತ್ರಗಳನ್ನೂ ಮುಂದಿಟ್ಟು, ಜಲಾಶಯವಾದ ಮೇಲೆ ಕಣಿವೆ ಇನ್ನಷ್ಟು ರಮಣೀಯವಾಗುವುದು, ರಸ್ತೆಗಳಾಗಿ ಪ್ರವಾಸಿಗರು ಹೆಚ್ಚುವರು ಎಂದು ಚಿತ್ರಿಸಿತು. ಇದಕ್ಕೆ ಉತ್ತರವಾಗಿ ಕಣಿವೆಯ ರಕ್ಷಕರೂ ರಸ್ತೆ, ವಸತಿಗೃಹಗಳ ಆಸೆ ತೋರಿಸಬೇಕಾಯಿತು. ಎರಡೂ ಕಡೆಯವರು ಪ್ರವಾಸಿಗನ ಹೆಸರಿನಲ್ಲಿ ವಾದಿಸಿದರು. ಆದರೆ ಆ ದುರ್ಗಮ ಕಣಿವೆಯನ್ನು ಆವರೆಗೆ ನಿಜವಾಗಿ ಕಂಡಿದ್ದ ಪ್ರವಾಸಿಗರು ಬೆರಳೆಣಿಕೆಯಷ್ಟು. ಯೊಸೆಮಿಟಿಯನ್ನು ಮುಳುಗಿಸುವ ಮಾತನ್ನು ಯಾರೂ ಎತ್ತುವಂತಿರಲಿಲ್ಲ, ಏಕೆಂದರೆ ಅದನ್ನು ದೇಶ ನೋಡಿತ್ತು. ಹೆಚ್ ಹೆಚಿಗೆ ಆ ಬಲವಿರಲಿಲ್ಲ.

ಆದರೂ ದೇಶದಾದ್ಯಂತ ಪತ್ರಿಕೆಗಳು, ಮಹಿಳಾ ಸಂಘಗಳು, ಸಾಮಾನ್ಯ ನಾಗರಿಕರು ಪ್ರತಿಭಟಿಸಿದರು. ಸೆನೆಟರ್‌ಗಳ ಮೇಜಿನ ಮೇಲೆ ಪತ್ರಗಳು ರಾಶಿಬಿದ್ದವು. ಅಧ್ಯಕ್ಷ ವಿಲ್ಸನ್ ಅವರ ಸಂಪುಟದಲ್ಲಿ ಉದ್ಯಾನಗಳ ಖಾತೆ ಹೊತ್ತ ಫ್ರಾಂಕ್ಲಿನ್ ಲೇನ್ ಹಿಂದೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ವಕೀಲರಾಗಿದ್ದವರು. 1913ರ ಡಿಸೆಂಬರ್‌ನಲ್ಲಿ ಸೆನೆಟ್ 43–25 ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ಡಿಸೆಂಬರ್ 19ರಂದು ವಿಲ್ಸನ್ ಸಹಿ ಹಾಕಿದರು. ಒಂದು ವರ್ಷ ಕಳೆದು ಕೆಲವೇ ದಿನಗಳಲ್ಲಿ, 1914ರ ಡಿಸೆಂಬರ್ 24ರಂದು, ಮ್ಯೂರ್ ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅಲಾಸ್ಕಾ ಪ್ರವಾಸದ ಹಸ್ತಪ್ರತಿ ಅವರ ಬಳಿಯಲ್ಲೇ ಇತ್ತು. ಅಣೆಕಟ್ಟು 1923ರಲ್ಲಿ ಮುಗಿಯಿತು. ನಗರಕ್ಕೆ ನೀರು ಬಂದದ್ದು 1934ರಲ್ಲಿ. ಇಂದು ಆ ವ್ಯವಸ್ಥೆ ಸುಮಾರು 27 ಲಕ್ಷ ಜನರಿಗೆ ನೀರುಣಿಸುತ್ತದೆ. ಉದ್ಯೋಗಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿ, ವಾರಾಂತ್ಯಕ್ಕೆ ಯೊಸೆಮಿಟಿಗೆ ಹೋಗಿಬರುವ ಎಷ್ಟೋ ಕನ್ನಡ ಕುಟುಂಬಗಳ ಮನೆಯ ನಲ್ಲಿಯಲ್ಲೂ ಹರಿಯುವುದು ಆ ಮುಳುಗಿದ ಕಣಿವೆಯ ನೀರೇ. ಕಣಿವೆಗಾಗಿ ನಗರ ಒಕ್ಕೂಟ ಸರ್ಕಾರಕ್ಕೆ ತೆರಬೇಕೆಂದು ಕಾಯಿದೆಯಲ್ಲಿ ನಮೂದಾದ ಗರಿಷ್ಠ ಬಾಡಿಗೆ ವರ್ಷಕ್ಕೆ 30,000 ಡಾಲರ್. ಬೆಲೆ ಕಟ್ಟಲಾಗದ್ದಕ್ಕೆ ಬೆಲೆ ಕಟ್ಟಲು ಹೊರಟಾಗ ಸಿಗುವ ಮೊತ್ತ ಇಂಥದ್ದೇ.

ಆದರೆ ಆ ಸೋಲು ವ್ಯರ್ಥವಾಗಲಿಲ್ಲ. ಉದ್ಯಾನಗಳಿಗೆ ಕಾಯಿದೆಯಿದ್ದರೂ ಕಾಯುವ ಇಲಾಖೆಯಿಲ್ಲ ಎಂಬುದು ಎಲ್ಲರಿಗೂ ಮನದಟ್ಟಾಯಿತು. 1916ರ ಆಗಸ್ಟ್ 25ರಂದು ರಾಷ್ಟ್ರೀಯ ಉದ್ಯಾನ ಸೇವೆ ಅಸ್ತಿತ್ವಕ್ಕೆ ಬಂತು. ಅದರ ಮೊದಲ ನಿರ್ದೇಶಕ ಸ್ಟೀಫನ್ ಮೇದರ್ ಉದ್ಯಮಿಯಾಗಿದ್ದವರು, ಸಿಯೆರಾ ಕ್ಲಬ್ಬಿನ ಸದಸ್ಯರು. ಹೆಚ್ಚು ಹೆಚ್ಚು ಜನರನ್ನು ಉದ್ಯಾನಗಳಿಗೆ ಕರೆತರುವುದೇ ಅವರ ನೀತಿಯಾಯಿತು. ಮ್ಯೂರ್ ನೆನಪಿಗಾಗಿ ಯೊಸೆಮಿಟಿಯಿಂದ ಮೌಂಟ್ ವಿಟ್ನಿಯವರೆಗೆ ಸುಮಾರು 340 ಕಿಲೋಮೀಟರ್‌ಗಳ ಚಾರಣಪಥವೊಂದು 1938ರ ಹೊತ್ತಿಗೆ ಸಿದ್ಧವಾಯಿತು.

ಈ ಕಥೆಯಲ್ಲಿ ಮ್ಯೂರ್ ಕಣ್ಣಿಗೆ ಬೀಳದೆ ಹೋದ ಸಂಗತಿಯೂ ಉಂಟು. ಅವರು ನಿರ್ಜನವೆಂದು ಬಗೆದ ಯೊಸೆಮಿಟಿ, ಅವಾನೀಚಿ ಎಂಬ ಮೂಲನಿವಾಸಿಗಳ ತವರು. 1851ರಲ್ಲಿ ಸಶಸ್ತ್ರ ದಳವೊಂದು ಕಣಿವೆಗೆ ನುಗ್ಗಿ ಅವರನ್ನು ಹೊರಗಟ್ಟಿತ್ತು. ಮರಳಿ ಬಂದು ಅಂಚಿನಲ್ಲಿ ಬದುಕಿದವರ ಕೊನೆಯ ಮನೆಗಳನ್ನು ಉದ್ಯಾನದ ಆಡಳಿತ 1969ರಲ್ಲಿ ನೆಲಸಮ ಮಾಡಿತು. ಮ್ಯೂರ್ ಮೆಚ್ಚಿದ ಆ ತೆರೆದ ಹುಲ್ಲುಗಾವಲುಗಳು ಬಹುಮಟ್ಟಿಗೆ ಈ ಜನ ಹದವರಿತು ಇಡುತ್ತಿದ್ದ ಬೆಂಕಿಯ ಫಲ. ಸಿಯೆರಾದ ಆರಂಭದ ದಿನಗಳಲ್ಲಿ ಅವರ ಬಗ್ಗೆ ಮ್ಯೂರ್ ಬರೆದ ಮಾತುಗಳಲ್ಲಿ ತಿರಸ್ಕಾರವಿದೆ. ಅಲಾಸ್ಕಾದ ಟ್ಲಿಂಗಿಟ್ ಜನರ ಒಡನಾಟದ ನಂತರ ಆ ಧೋರಣೆ ಮೃದುವಾಯಿತಾದರೂ ಉದ್ಯಾನದ ಕಲ್ಪನೆಯೊಳಗೆ ಮೂಲನಿವಾಸಿಗಳಿಗೆ ಜಾಗ ದೊರೆಯಲಿಲ್ಲ. 2020ರಲ್ಲಿ ಸಿಯೆರಾ ಕ್ಲಬ್ಬೇ ತನ್ನ ಸ್ಥಾಪಕರ ಈ ಲೋಪವನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಬೆಂಕಿಯನ್ನು ಸಂಪೂರ್ಣ ತಡೆದ ದಶಕಗಳ ನೀತಿಯ ಪರಿಣಾಮವೂ ಈಗ ಎದುರಿಗಿದೆ. ಒಣಪೊದೆ ಪೇರಿಕೊಂಡು, ಅದಕ್ಕೆ ಬರ ಮತ್ತು ಬಿಸಿಲ ಝಳ ಸೇರಿ, 2020 ಮತ್ತು 2021ರ ಕಾಡ್ಗಿಚ್ಚುಗಳಲ್ಲಿ ಸಿಯೆರಾದ ಸಾವಿರಾರು ಬೃಹತ್ ಸೆಕೋಯಾ ಮರಗಳು ಸತ್ತವು.

ಇನ್ನೊಂದು ಸಮಸ್ಯೆ ಅವರ ಗೆಲುವಿನಿಂದಲೇ ಹುಟ್ಟಿತು. 2016ರಲ್ಲಿ ಯೊಸೆಮಿಟಿಗೆ ಬಂದವರು 50 ಲಕ್ಷಕ್ಕೂ ಹೆಚ್ಚು. ಹಾಫ್ ಡೋಮ್ ಶಿಖರದ ಉಕ್ಕಿನ ಹಗ್ಗ ಹಿಡಿದು ಹತ್ತಲು 2010ರಿಂದ ಪರವಾನಗಿ ಬೇಕು; ಕೆಲವು ಋತುಗಳಲ್ಲಿ ಉದ್ಯಾನದೊಳಗೆ ಕಾರು ತರಲೂ ಮುಂಗಡ ನೋಂದಣಿ ಬೇಕಾಗಿತ್ತು. ಗಮನಿಸಬೇಕಾದ್ದೆಂದರೆ, ಮೂರು ಸಾವಿರ ಚದರ ಕಿಲೋಮೀಟರ್‌ಗಳ ಆ ಉದ್ಯಾನದ ಶೇ 90ಕ್ಕೂ ಹೆಚ್ಚು ಭಾಗವನ್ನು 1984ರಲ್ಲಿ ರಸ್ತೆ-ಕಟ್ಟಡಗಳಿಗೆ ಅವಕಾಶವಿಲ್ಲದ ವನ್ಯ ಪ್ರದೇಶವೆಂದು ಕಾಯಿದೆಬದ್ಧಗೊಳಿಸಲಾಗಿದೆ. ಜನಜಂಗುಳಿ ಕಿಕ್ಕಿರಿಯುವುದು ಮುಖ್ಯವಾಗಿ ಕಣಿವೆಯ ಕಿರಿದಾದ ತಳದಲ್ಲಿ. ಒಂದು ದಿನದ ಹಾದಿ ನಡೆಯಬಲ್ಲವರಿಗೆ ಮ್ಯೂರ್ ಕಂಡ ಯೊಸೆಮಿಟಿ ಇನ್ನೂ ಸಿಗುತ್ತದೆ.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಾಷ್ಟ್ರೀಯ ಉದ್ಯಾನವೆಂಬ ಕಲ್ಪನೆಯ ಬೇರು ಈ ಅಮೆರಿಕನ್ ಅನುಭವದಲ್ಲೇ ಇದೆ. ಹಾಗಾಗಿ ಅದರ ಬಲದ ಜೊತೆಗೆ ಅದರ ತೊಡಕುಗಳೂ ನಮಗೆ ಬಳುವಳಿಯಾಗಿ ಬಂದಿವೆ. ನಾಗರಹೊಳೆಯ ಜೇನುಕುರುಬರ ಹಕ್ಕಿನ ಪ್ರಶ್ನೆ ಅವಾನೀಚಿಗಳ ಪ್ರಶ್ನೆಗಿಂತ ತೀರಾ ಬೇರೆಯಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಒಮ್ಮೆಲೇ ಸಾವಿರಾರು ಚಾರಣಿಗರು ನೆರೆದದ್ದೂ, ಅನಂತರ ಸರ್ಕಾರ ಆನ್‌ಲೈನ್ ನೋಂದಣಿಯ ಮೊರೆಹೋದದ್ದೂ ಅದೇ ಕಥೆಯ ನಮ್ಮ ಅಧ್ಯಾಯ. ಇತ್ತ, ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತದ್ದರ ಹಿಂದೆ ಆ ಬೆಟ್ಟಗಳನ್ನು ಬಲ್ಲ ನಾಗರಿಕರ ದನಿಯೂ ಇತ್ತು.

ಪ್ರವಾಸಿಗನೇ ಕಾಡಿಗೆ ಕಂಟಕ ಎಂದು ದೂರಿ ಬಾಗಿಲು ಹಾಕುವುದು ಸುಲಭ. ಹಾಗೆ ಮಾಡಿದರೆ ನಾಳೆ ಅಲ್ಲಿ ಅಣೆಕಟ್ಟೋ ಗಣಿಯೋ ಬಂದಾಗ ಅದರ ಪರ ಪತ್ರ ಬರೆಯುವವರೂ ಇರುವುದಿಲ್ಲ. ಹೆಚ್ ಹೆಚಿ ಮುಳುಗಿದ್ದು ಹಾಗೆ. ಬಂದವರ ತಲೆ ಎಣಿಸಿ ಆದಾಯದ ಅಂಕಿ ತೋರಿಸುವುದನ್ನೇ ಯಶಸ್ಸೆಂದು ಭಾವಿಸಿದರೆ, ಉಳಿಸಲು ಹೊರಟದ್ದೇ ಕಾಲಡಿ ಸವೆಯುತ್ತದೆ. ಇವೆರಡರ ನಡುವಿನ ದಾರಿ ಬೇಕಾದರೆ ಹೋಗುವವರ ಸಂಖ್ಯೆಗೆ ಮಿತಿ, ಅಲ್ಲಿ ಬಾಳಿಬಂದವರಿಗೆ ಆಡಳಿತದಲ್ಲಿ ಪಾಲು, ಇವುಗಳನ್ನು ಸರ್ಕಾರ ಒಪ್ಪಬೇಕು. ಹೋಗಿಬಂದ ನಾವು ಒಪ್ಪಿಕೊಳ್ಳಬೇಕಾದದ್ದೂ ಒಂದಿದೆ. ಪ್ರವೇಶ ಶುಲ್ಕ ಕೊಟ್ಟ ಮಾತ್ರಕ್ಕೆ ಆ ಕಾಡಿನ ಋಣ ತೀರುವುದಿಲ್ಲ. ನಾವು ನಡೆದ ಬೆಟ್ಟದ ಕುರಿತು ಯೋಜನೆಯೊಂದರ ಸಾರ್ವಜನಿಕ ವಿಚಾರಣೆ ನಡೆದಾಗ ಅಲ್ಲಿ ಹಾಜರಾಗಿ ಎರಡು ಮಾತು ಆಡಿದರೆ ಆ ಋಣದಲ್ಲಿ ಒಂದಿಷ್ಟು ಸಂದಾಯವಾದೀತು.